ಎಮರ್ಜೆನ್ಸಿ ಮತ್ತು ವಿಪತ್ತು ತರಬೇತಿ: ಮೊದಲ ದಿನ ಸುಮಾರು, ಎರಡನೇ ದಿನ ಭರ್ಜರಿ

ಜೂನಿಯರ್‌ಗಳು ಮೆಸೇಜ್ ಮಾಡಿ ಕೇಳುತ್ತಲೇ ಇದ್ದಾರೆ, ಈ ಕೋರ್ಸಿಗೆ ಹೋಗಬಹುದಾ, ಇಲ್ಲ ದುಡ್ಡು ದಂಡವಾ ಅಂತ. ಹೋಗಿ. ಒಂದೂವರೆ ಸಾವಿರ ರೂಪಾಯಿ, ಶನಿವಾರ ಮತ್ತು ಭಾನುವಾರ, ಮಧ್ಯಾಹ್ನದ ಊಟ ಅದರಲ್ಲೇ ಬಂತು. ಮೊದಲ ದಿನ ಬೆಳಗ್ಗೆ ಚೆನ್ನಾಗಿ ನಿದ್ದೆ ಬರುತ್ತದೆ, ಸಹಿಸಿಕೊಳ್ಳಿ. ಎರಡನೇ ದಿನ ಪೂರ್ತಿ ವಸೂಲಾಗುತ್ತದೆ. ತಕರಾರುಗಳೂ ಇವೆ. ಅವನ್ನೂ ಇಲ್ಲೇ ಬರೆಯುತ್ತೇನೆ, ಯಾಕೆಂದರೆ ಕೊನೆಯಲ್ಲಿ ಕೊಟ್ಟ ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಎರಡೇ ಎರಡು ಸಾಲಿನ ಜಾಗ ಇತ್ತು.

ಕಾಲೇಜಿನ ಹೆಸರು ಹಾಕುವುದಿಲ್ಲ. ಕೇಳಿದವರಿಗೆ ಯಾವುದು ಅಂತ ಗೊತ್ತೇ ಇದೆ. ಉತ್ತರ ಕರ್ನಾಟಕದ ಒಂದು ಮೆಡಿಕಲ್ ಕಾಲೇಜಿನ ಎಮರ್ಜೆನ್ಸಿ ವಿಭಾಗದವರು ನಡೆಸುವ ತರಬೇತಿ ಇದು. ಎಂಬಿಬಿಎಸ್ ಮೊದಲ ಮತ್ತು ಎರಡನೇ ವರ್ಷದವರಿಗೆ ಮಾತ್ರ, ಬೇರೆ ಕಾಲೇಜಿನವರೂ ಸೇರಬಹುದು.

ಇಷ್ಟು ಬೇಗ ಇದೆಲ್ಲ ಯಾಕೆ ಅಂತ ನಮ್ಮ ಮನೆಯಲ್ಲೂ ಕೇಳಿದರು, ಅನಾಟಮಿ ಮೇಡಂ ಕೂಡ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ನಮಗೆ ಇಂಜೆಕ್ಷನ್ ಕೊಡಲು ಬರುವುದಿಲ್ಲ, ಔಷಧಿಗಳ ಹೆಸರು ಗೊತ್ತಿಲ್ಲ, ಸ್ಟೆತಸ್ಕೋಪ್ ಇರುವುದು ಸದ್ಯಕ್ಕೆ ಫೋಟೋ ತೆಗೆಸಿಕೊಳ್ಳಲು. ಆದರೆ ಸಿಲಬಸ್ ನೋಡಿ. 2019ರಲ್ಲಿ ಬಂದ ಹೊಸ ಪಠ್ಯಕ್ರಮದ ಪ್ರಕಾರ ಸೇರಿದ ಕೂಡಲೇ ಫೌಂಡೇಶನ್ ಕೋರ್ಸ್ ಇದೆ, ಅದರಲ್ಲಿ ಪ್ರಥಮ ಚಿಕಿತ್ಸೆ, ಬಿಎಲ್‌ಎಸ್ (ಎದೆ ಒತ್ತಿ, ಉಸಿರು ಕೊಟ್ಟು ಜೀವ ಉಳಿಸುವ ವಿಧಾನ) ಎಲ್ಲ ಇದೆ. ನಮ್ಮ ಬ್ಯಾಚಿಗೆ ಅದು ನಡೆದದ್ದು ಹೇಗೆಂದರೆ, ಒಂದು ಗೊಂಬೆ, ಅದರ ಸುತ್ತ ಇಡೀ ಕ್ಲಾಸು, ಮುಂದೆ ನಿಂತ ನಾಲ್ಕು ಜನ ಒತ್ತಿದರು, ಹಿಂದಿದ್ದವರು ವಿಡಿಯೋ ಮಾಡಿಕೊಂಡರು. ಆಮೇಲೆ ವಿಪತ್ತು ಮತ್ತೆ ಮುಖ ತೋರಿಸುವುದು ಕಮ್ಯುನಿಟಿ ಮೆಡಿಸಿನ್‌ನಲ್ಲಿ. ಅಲ್ಲಿ ವಿಪತ್ತು ನಿರ್ವಹಣೆಯ ಚಕ್ರದ ಚಿತ್ರ ಬರೆದು ಬಾಣ ಹಾಕಿದರೆ ಮಾರ್ಕ್ಸ್ ಬಂತು. ಇಂಟರ್ನ್‌ಶಿಪ್ಪಿನಲ್ಲಿ ಕ್ಯಾಶುಯಾಲ್ಟಿಗೆ ಎರಡು ವಾರ. ಅಷ್ಟೇ. ಊರಿನವರಿಗೆ ಈ ಲೆಕ್ಕ ಗೊತ್ತಿಲ್ಲವಲ್ಲ. ಸೀಟು ಸಿಕ್ಕ ದಿನದಿಂದಲೇ ನಾವು ಡಾಕ್ಟರು. ಜಾತ್ರೆಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಯಾರಾದರೂ ಬಿದ್ದರೆ ಎಲ್ಲರೂ ತಿರುಗಿ ನಮ್ಮನ್ನೇ ನೋಡುತ್ತಾರೆ.

ಮೊದಲ ದಿನದ ವಿಷಯಕ್ಕೆ ಬರುತ್ತೇನೆ. ಒಂಬತ್ತಕ್ಕೆ ಅಂದರು, ದೀಪ ಬೆಳಗಿಸಿ, ಹೂಗುಚ್ಛ ಕೊಟ್ಟು, ಮುಖ್ಯ ಅತಿಥಿಗಳ ಭಾಷಣ ಮುಗಿಯುವಷ್ಟರಲ್ಲಿ ಹನ್ನೊಂದಾಗಿತ್ತು. ಆಮೇಲೆ ಪಿಪಿಟಿ. ನೆಪೋಲಿಯನ್‌ನ ಸರ್ಜನ್ ಲಾರೆ ಯುದ್ಧಭೂಮಿಯಲ್ಲಿ ಗಾಯಾಳುಗಳನ್ನು ಹೇಗೆ ವಿಂಗಡಿಸುತ್ತಿದ್ದ ಅಂತ ಶುರುವಾಗಿ, 2005ರ ವಿಪತ್ತು ನಿರ್ವಹಣಾ ಕಾಯ್ದೆ, ರಾಷ್ಟ್ರೀಯ ಪ್ರಾಧಿಕಾರ, ರಾಜ್ಯ ಪ್ರಾಧಿಕಾರ, ಜಿಲ್ಲಾ ಪ್ರಾಧಿಕಾರ, ಒಂದೊಂದಕ್ಕೂ ಒಂದೊಂದು ಡಬ್ಬಿ, ಡಬ್ಬಿಯಿಂದ ಡಬ್ಬಿಗೆ ಗೆರೆ. ಸ್ಲೈಡಿನಲ್ಲಿ ಇದ್ದದ್ದನ್ನೇ ಓದಿದರು. ಇದನ್ನು ಮನೆಗೆ ಕಳಿಸಿದ್ದರೆ ನಾವೇ ಓದಿಕೊಂಡು ಬರುತ್ತಿದ್ದೆವು. ಈ ಎರಡು ಗಂಟೆ ಉಳಿದಿದ್ದರೆ ಏನೇನು ಮಾಡಬಹುದಿತ್ತು ಅನ್ನುವುದು ಮುಂದೆ ಹೇಳುವ ಮುಖ್ಯ ತಕರಾರಿಗೂ ಸಂಬಂಧಪಟ್ಟದ್ದು.

ಮಧ್ಯದಲ್ಲಿ ಕಾನೂನಿನ ಒಂದು ಸಣ್ಣ ಮಾತು ಬಂತು, ಅದೊಂದು ಉಪಯೋಗಕ್ಕೆ ಬಂತು. ಅಪಘಾತದಲ್ಲಿ ಬಿದ್ದವರಿಗೆ ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ವಿಳಾಸ ಕೊಡಿ ಅಂತ ಬಲವಂತ ಮಾಡುವಂತಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಲ್ಲೇ ಇದು ಇದೆ, ಕರ್ನಾಟಕದ್ದೇ ಬೇರೆ ಕಾನೂನೂ ಇದೆ. ನಮ್ಮಲ್ಲಿ ಎಷ್ಟೋ ಜನ ಇದನ್ನು ಕೇಳಿಯೇ ಇರಲಿಲ್ಲ.

ಊಟ ಆದ ಮೇಲೆ ಗೊಂಬೆಗಳು ಬಂದವು. ಆರು ಜನಕ್ಕೆ ಒಂದು, ಕಾಲೇಜಿಗೆ ಹೋಲಿಸಿದರೆ ಸ್ವರ್ಗ. ಎದೆಯ ಮೇಲೆ ಎರಡೂ ಕೈ, ಮೊಣಕೈ ಮಡಚಬಾರದು, ಐದರಿಂದ ಆರು ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ಕೇಳಲು ಸುಲಭ. ಎರಡು ನಿಮಿಷ ಒತ್ತಿ ನೋಡಿ, ಬೆನ್ನು ಹರಿಯುತ್ತದೆ. ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು ಅನ್ನುವುದು. ಗೊಂಬೆಗಳಲ್ಲಿ ಅರ್ಧದ್ದು ಕ್ಲಿಕ್ ಶಬ್ದ ಸತ್ತುಹೋಗಿತ್ತು. ಸರಿಯಾದ ಆಳಕ್ಕೆ ಒತ್ತಿದರೆ ಟಕ್ ಅನ್ನಬೇಕು, ಅನ್ನಲಿಲ್ಲ. ನಮ್ಮ ಗೊಂಬೆ ಒತ್ತಿದರೂ ಟಕ್, ಬಿಟ್ಟರೂ ಟಕ್.

ಇಲ್ಲಿ ಕಲಿಸಿದವರ ಬಗ್ಗೆ ಹೇಳಲೇಬೇಕು. ಪ್ರೊಫೆಸರ್‌ಗಳು ಚೆನ್ನಾಗಿಯೇ ಹೇಳಿದರು, ಆದರೆ ಇಡೀ ಕೋರ್ಸಿನ ಜೀವ ಕ್ಯಾಶುಯಾಲ್ಟಿಯ ಒಬ್ಬ ಸೀನಿಯರ್ ಬ್ರದರ್. ನರ್ಸಿಂಗ್ ಸ್ಟಾಫ್. ಕೂದಲು ನೆರೆತಿದೆ, ಕೈಗೆ ಗ್ಲೌಸ್ ಹಾಕುವ ವೇಗ ನೋಡಿದರೆ ಗೊತ್ತಾಗುತ್ತದೆ ಎಷ್ಟು ವರ್ಷ ಅಲ್ಲಿದ್ದಾರೆ ಅಂತ. ಟೂರ್ನಿಕೆ, ಅಂದರೆ ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ, ಕಟ್ಟುವುದನ್ನು ಕಲಿಸಿದ್ದು ಅವರೇ. ಗಾಯದಿಂದ ಮೂರು ನಾಲ್ಕು ಬೆರಳು ಮೇಲೆ, ಕೀಲಿನ ಮೇಲೆ ಬೇಡ, ರಕ್ತ ನಿಲ್ಲುವ ತನಕ ಬಿಗಿ, ಕಟ್ಟಿದ ಸಮಯ ಬರೆಯಿರಿ. ಎಲ್ಲಿ ಬರೆಯೋದು ಸರ್ ಅಂತ ಒಬ್ಬಳು ಕೇಳಿದಳು. "ಹಣಿ ಮ್ಯಾಲೆ ಬರೀರಿ. ಕೇಸ್ ಶೀಟ್ ಕಳದ್ಹೊಕ್ಕೈತಿ, ಹಣಿ ಎಲ್ಲಿ ಹೊಕ್ಕೈತಿ?" ಅಂದರು.

ಸಂಜೆಯ ಕ್ಲಾಸು ಮೊದಲ ದಿನದ ಮರ್ಯಾದೆ ಉಳಿಸಿತು. ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು, ನೆನಪಿರಬೇಕು. ಎರಡು ದಿನ ಕಳೆದ ಮೇಲೂ ಅವಶೇಷದ ಕೆಳಗಿಂದ ಜನ ಜೀವಂತ ಹೊರಗೆ ಬಂದರು. ಅದನ್ನು ಇಟ್ಟುಕೊಂಡು ಒಂದು ಪ್ರಶ್ನೆ ಕೇಳಿದರು. ಒಬ್ಬನ ತೊಡೆಯ ಮೇಲೆ ಬೀಮ್ ಬಿದ್ದು ಹತ್ತು ಗಂಟೆ ಆಗಿದೆ, ಮಾತಾಡುತ್ತಿದ್ದಾನೆ, ನೀರು ಕೇಳುತ್ತಿದ್ದಾನೆ. ಏನು ಮಾಡುತ್ತೀರಿ? ಬೀಮ್ ಎತ್ತುತ್ತೇವೆ ಅಂತ ಎಲ್ಲರೂ ಒಟ್ಟಿಗೆ ಅಂದರು. ಎತ್ತಿದ ಸ್ವಲ್ಪ ಹೊತ್ತಿಗೆ ಅವನು ಸಾಯಬಹುದು ಅಂದರು ಸರ್. ಹಾಲ್ ಸುಮ್ಮನಾಯಿತು.

ಕಾರಣ ಪೂರ್ತಿ ನಮ್ಮ ಮೊದಲ ವರ್ಷದ ಪುಸ್ತಕದಲ್ಲೇ ಇದೆ. ಪೊಟ್ಯಾಸಿಯಂ ಜೀವಕೋಶದ ಒಳಗೆ ಜಾಸ್ತಿ, ಹೊರಗೆ ಕಡಿಮೆ. ಬೀಮ್ ಕೆಳಗೆ ಗಂಟೆಗಟ್ಟಲೆ ಜಜ್ಜಿದ ಸ್ನಾಯು ಸತ್ತು ಅದೆಲ್ಲ ಅಲ್ಲೇ ಸೋರಿ ನಿಂತಿರುತ್ತದೆ. ಭಾರ ಎತ್ತಿದ ಕೂಡಲೇ ರಕ್ತ ಹರಿದು ಆ ಪೊಟ್ಯಾಸಿಯಂ ಒಂದೇ ಸಲ ಹೃದಯಕ್ಕೆ ಬರುತ್ತದೆ, ಬಡಿತ ನಿಲ್ಲಬಹುದು. ಅದರಿಂದ ಪಾರಾದರೂ ಸ್ನಾಯುವಿನ ಮಯೋಗ್ಲೋಬಿನ್ ಅನ್ನುವ ಪ್ರೋಟೀನ್ ಕಿಡ್ನಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಎತ್ತುವ ಮೊದಲೇ ಸಲೈನ್ ಶುರು ಮಾಡಬೇಕು. ರಿಂಗರ್ ಲ್ಯಾಕ್ಟೇಟ್ ಬೇಡ, ಅದರಲ್ಲೇ ಪೊಟ್ಯಾಸಿಯಂ ಇದೆ, ನಾರ್ಮಲ್ ಸಲೈನ್ ಸಾಕು. ಇದನ್ನು ಮೊದಲು ಸರಿಯಾಗಿ ಬರೆದಿಟ್ಟದ್ದು 1941ರಲ್ಲಿ, ಲಂಡನ್ ಮೇಲೆ ಬಾಂಬ್ ಬೀಳುತ್ತಿದ್ದಾಗ ಮನೆಗಳ ಅಡಿಯಲ್ಲಿ ಸಿಕ್ಕವರನ್ನು ನೋಡಿದ ವೈದ್ಯರು. ವೈವಾಗೆ ಅಂತ ಬಾಯಿಪಾಠ ಮಾಡಿದ ಆ ಎರಡು ಅಂಕಿಗಳಿಗೆ, ಪೊಟ್ಯಾಸಿಯಂ ಜೀವಕೋಶದ ಒಳಗೆ 140 ಹೊರಗೆ 4, ಹೀಗೊಂದು ಕೆಲಸ ಇದೆ ಅಂತ ಫಿಸಿಯಾಲಜಿ ಕ್ಲಾಸಿನಲ್ಲಿ ಯಾರೂ ಹೇಳಿರಲಿಲ್ಲ. ಇನ್ನೊಂದು ಇಂಥದ್ದೇ: ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ 2025ರ ಜೂನ್ 4ರಂದು 11 ಜನ ಸತ್ತದ್ದು ಗೊತ್ತಲ್ಲ. ಅಂಥ ನೂಕುನುಗ್ಗಲಿನಲ್ಲಿ ಕಾಲಡಿ ಸಿಕ್ಕೇ ಸಾಯಬೇಕಿಲ್ಲ, ನಿಂತಲ್ಲೇ ಸಾಯಬಹುದು ಅಂದರು. ಸುತ್ತಲಿನ ಒತ್ತಡಕ್ಕೆ ಪಕ್ಕೆಲುಬು ಏಳಲ್ಲ, ವಪೆ (ಎದೆ ಹೊಟ್ಟೆ ನಡುವಿನ ಉಸಿರಾಟದ ಸ್ನಾಯು) ಇಳಿಯಲ್ಲ, ಉಸಿರು ಒಳಗೆ ಬರುವುದೇ ಇಲ್ಲ. ಎದೆಯ ಅನಾಟಮಿ ಇಷ್ಟು ಚೆನ್ನಾಗಿ ನನಗೆ ಯಾವತ್ತೂ ತಲೆಗೆ ಹತ್ತಿರಲಿಲ್ಲ.

ಮೊದಲ ವರ್ಷದವರಿಗೆ ಇದು ಬೇಕಾ ಅನ್ನುವವರಿಗೆ ನನ್ನ ಉತ್ತರ ಇದೇ. ನಮ್ಮನ್ನು ಎಮರ್ಜೆನ್ಸಿ ಡಾಕ್ಟರ್ ಮಾಡಿ ಕಳಿಸುತ್ತೇವೆ ಅಂತ ಅವರೂ ಹೇಳಲಿಲ್ಲ. ಆದರೆ ಒಣಗಿದ ಪಾಠಗಳು ಇಲ್ಲಿ ಒದ್ದೆಯಾಗುತ್ತವೆ.

ಭಾನುವಾರ ಬೆಳಗ್ಗೆ ಮೇಜಿನ ಮೇಲೆ ಕಾಗದ ಹರಡಿ ಆಡುವ ಒಂದು ಅಭ್ಯಾಸ. ಆಧಾರ ಸುಳ್ವಾಡಿ ಪ್ರಕರಣ. 2018ರ ಡಿಸೆಂಬರ್ 14, ಚಾಮರಾಜನಗರ ಜಿಲ್ಲೆಯ ಹನೂರು ಕಡೆ, ಕಿಚ್ಚುಗುತ್ತಿ ಮಾರಮ್ಮನ ಗುಡಿಯ ಪ್ರಸಾದಕ್ಕೆ ಕೀಟನಾಶಕ ಬೆರೆಸಿದ್ದು. ಮೊನೊಕ್ರೊಟೊಫಾಸ್. ನೂರಕ್ಕಿಂತ ಜಾಸ್ತಿ ಜನ ಆಸ್ಪತ್ರೆ ಸೇರಿದರು, 17 ಜನ ಉಳಿಯಲಿಲ್ಲ. ನಮ್ಮ ಗುಂಪಿಗೆ ಕೊಟ್ಟದ್ದು ಒಂದು ಕಾಲ್ಪನಿಕ ತಾಲ್ಲೂಕು. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಈ ವಿಷಕ್ಕೆ ಕೊಡುವ ಮದ್ದು ಅಟ್ರೋಪಿನ್ ಇಷ್ಟು, 108ರ ಎರಡು ಗಾಡಿ, ವೆಂಟಿಲೇಟರ್ ಇರುವ ಆಸ್ಪತ್ರೆ ಎರಡು ಗಂಟೆ ದೂರ. ಹತ್ತು ನಿಮಿಷಕ್ಕೊಮ್ಮೆ ಹೊಸ ಚೀಟಿ ಬರುತ್ತದೆ. ಇನ್ನೂ ಹನ್ನೆರಡು ಜನ ಬಂದರು. ವಾಂತಿ ಒರೆಸಿದ ಆಯಾಗೆ ತಲೆ ಸುತ್ತುತ್ತಿದೆ. ಟಿವಿಯವರು ಬಂದಿದ್ದಾರೆ. ಶಾಸಕರು ಬಂದಿದ್ದಾರೆ, ಅವರ ಹಿಂದೆ ಇಪ್ಪತ್ತು ಜನ.

ಮಜಾ ಅನ್ನಬಾರದು, ಆದರೆ ನಿಜಕ್ಕೂ ಮೈಮರೆತು ಆಡಿದೆವು. ಎಲ್ಲ ಗುಂಪುಗಳೂ ಮೊದಲು ಮಾಡಿದ್ದು ಕಂಡ ಕಂಡವರನ್ನು ಗಾಡಿಗೆ ಹತ್ತಿಸಿ ದೊಡ್ಡ ಆಸ್ಪತ್ರೆಗೆ ಕಳಿಸಿದ್ದು. ಅರ್ಧ ಗಂಟೆಯಲ್ಲಿ ಎರಡೂ ಗಾಡಿ ರಸ್ತೆಯಲ್ಲಿ, ಇಲ್ಲಿ ನಿಜವಾಗಿ ಉಸಿರು ನಿಲ್ಲುತ್ತಿರುವವರಿಗೆ ಗಾಡಿ ಇಲ್ಲ. ದೊಡ್ಡ ಆಸ್ಪತ್ರೆಯಲ್ಲೂ ಎಲ್ಲರನ್ನೂ ಒಂದೇ ಕಡೆ ತುಂಬಿದರೆ ವೆಂಟಿಲೇಟರ್ ಸಾಲುವುದಿಲ್ಲ. ಸುಳ್ವಾಡಿಯವರನ್ನು ಮೈಸೂರಿನ ಹಲವು ಆಸ್ಪತ್ರೆಗಳಿಗೆ ಹಂಚಿದ್ದು ಯಾಕೆ ಅಂತ ಆಗ ತಿಳಿಯಿತು. ಬಟ್ಟೆ ಬಿಚ್ಚಿ ಸೋಪು ನೀರಿನಲ್ಲಿ ತೊಳೆಯುವುದು, ಸಿಬ್ಬಂದಿ ಗ್ಲೌಸ್ ಇಲ್ಲದೆ ಮುಟ್ಟಬಾರದು, ಇಂಥವು ಚೀಟಿಯಲ್ಲಿ ಏಟು ತಿಂದ ಮೇಲೇ ತಲೆಯಲ್ಲಿ ಕೂತವು.

ಆಮೇಲೆ ಮೈದಾನದಲ್ಲಿ ಮಾಕ್ ಡ್ರಿಲ್. ಬಸ್ಸು ಪಲ್ಟಿಯಾದ ಸನ್ನಿವೇಶ. ಕಾಲೇಜಿನ ಹಳೆಯ ಬಸ್ಸನ್ನೇ ನಿಲ್ಲಿಸಿದ್ದರು, ಸುತ್ತ ಮೂರನೇ ವರ್ಷದ ಸೀನಿಯರ್ಸ್ ಗಾಯಾಳುಗಳಾಗಿ ಬಿದ್ದುಕೊಂಡಿದ್ದರು. ಕೃತಕ ರಕ್ತವನ್ನು ಸಕ್ಕರೆ ಪಾಕ, ಕೆಂಪು ಬಣ್ಣ ಹಾಕಿ ಮಾಡಿದ್ದರು. ಇರುವೆ ಮುತ್ತಿದ್ದಕ್ಕೆ, ಸತ್ತವನ ಪಾತ್ರ ಮಾಡಿದ್ದ ಒಬ್ಬ ಎದ್ದು ಕಾಲು ಕೊಡವಿಕೊಂಡ. ನಗು ಅಲ್ಲಿಗೆ ಮುಗಿಯಿತು, ಯಾಕೆಂದರೆ ಸೀಟಿ ಊದಿದ ಕೂಡಲೇ ಅವರೆಲ್ಲ ಚೀರಲು ಶುರು ಮಾಡಿದರು, ಮತ್ತೆ ಆ ಚೀರಾಟದಲ್ಲಿ ತಲೆ ಓಡುವುದೇ ಇಲ್ಲ.

ಬಳಸಬೇಕಾದ ಪದ್ಧತಿ ಸ್ಟಾರ್ಟ್, ಗಾಯಾಳುಗಳಿಗೆ ಬಣ್ಣದ ಚೀಟಿ ಕಟ್ಟಿ ವಿಂಗಡಿಸುವುದು: ಕೆಂಪು ಅಂದರೆ ಮೊದಲು ನೋಡಬೇಕಾದವರು, ಹಳದಿ ಸ್ವಲ್ಪ ಕಾಯಬಲ್ಲವರು, ಹಸಿರು ಕೊನೆಗೆ, ಕಪ್ಪು ಬದುಕುವ ಆಸೆ ಇಲ್ಲದವರು. 1983ರಲ್ಲಿ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚಿನ ಒಂದು ಆಸ್ಪತ್ರೆ ಮತ್ತು ಅಗ್ನಿಶಾಮಕ ದಳ ಸೇರಿ ಮಾಡಿದ್ದು. ಔಷಧಿ ಗೊತ್ತಿರಬೇಕಾಗಿಲ್ಲ, ಯಂತ್ರ ಬೇಕಾಗಿಲ್ಲ, ಅದಕ್ಕೇ ನಮ್ಮಂಥವರಿಗೆ ಹೇಳಿ ಮಾಡಿಸಿದ್ದು. ನಡೆಯಬಲ್ಲವರೆಲ್ಲ ಆ ಮರದ ಕೆಳಗೆ ಹೋಗಿ ಅಂತ ಮೊದಲು ಕೂಗಬೇಕು. ಎದ್ದು ಹೋದವರು ಹಸಿರು. ಉಳಿದವರ ಹತ್ತಿರ ಒಬ್ಬೊಬ್ಬರಿಗೂ ಅರ್ಧ ನಿಮಿಷ. ಉಸಿರು ನಿಮಿಷಕ್ಕೆ 30ಕ್ಕಿಂತ ಜಾಸ್ತಿ ಇದ್ದರೆ ಕೆಂಪು. ಮಣಿಕಟ್ಟಿನಲ್ಲಿ ನಾಡಿ ಸಿಗದಿದ್ದರೆ, ಅಥವಾ ಉಗುರು ಒತ್ತಿ ಬಿಟ್ಟಾಗ ಬಣ್ಣ ಮರಳಲು ಎರಡು ಸೆಕೆಂಡ್ ದಾಟಿದರೆ ಕೆಂಪು. ಹೇಳಿದ ಮಾತು ಕೇಳದಿದ್ದರೆ ಕೆಂಪು. ಮೂರರಲ್ಲೂ ಪಾಸಾದರೆ ಹಳದಿ. ಉಸಿರೇ ಇಲ್ಲದಿದ್ದರೆ ತಲೆ ಹಿಂದೆ ಬಾಗಿಸಿ, ಗದ್ದ ಎತ್ತಿ ಉಸಿರಿನ ದಾರಿ ಬಿಡಿಸಿ ನೋಡಬೇಕು. ಉಸಿರು ಬಂತೋ ಕೆಂಪು. ಬರಲಿಲ್ಲವೋ ಕಪ್ಪು, ಮುಂದಿನವರ ಹತ್ತಿರ ಹೋಗಬೇಕು.

ನಮ್ಮ ಮುಂದಿನ ಗುಂಪು ಸೀದಾ ಓಡಿದ್ದು ಕೈ ಮುರಿದುಕೊಂಡು ಬೊಬ್ಬೆ ಹೊಡೆಯುತ್ತಿದ್ದವನ ಹತ್ತಿರ. ನಾಲ್ಕು ಜನ ಅವನನ್ನು ಸುತ್ತುವರಿದು ನಿಂತರು. ಎರಡು ಹೆಜ್ಜೆ ಆಚೆ ಬಸ್ಸಿನ ಚಕ್ರದ ಹತ್ತಿರ ಒಬ್ಬಳು ಸೀನಿಯರ್ ಮಗ್ಗುಲಾಗಿ ಮಲಗಿದ್ದಳು, ಸದ್ದಿಲ್ಲ, ಎದೆ ಬೇಗ ಬೇಗ ಏರಿಳಿಯುತ್ತಿತ್ತು. ಬ್ರದರ್ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು ಕಾಯುತ್ತಾ ಇದ್ದರು, ಯಾರಾದರೂ ಬರುತ್ತಾರಾ ಅಂತ. ಕೊನೆಗೆ ತಡೆಯಲಾಗದೆ ಅಂದರು: "ಚೀರಾಡಾವ್ರಿಗೆ ಉಸಿರು ಐತ್ರಿ. ಸುಮ್ಮನ ಮಲಗ್ಯಾರಲ್ಲ, ಅವರ್ನ ಮೊದ್ಲ ನೋಡ್ರಿ."

ಈಗ ಮುಖ್ಯ ತಕರಾರು. ಶನಿವಾರ ನಮಗೆ ಏನು ಕಲಿಸಿದರು? ಉಸಿರಿಲ್ಲದೆ ಬಿದ್ದವನು ಕಂಡರೆ ಸಹಾಯಕ್ಕೆ ಕೂಗಿ, ಒತ್ತಲು ಶುರು ಮಾಡಿ, ಯಾರಾದರೂ ಬರುವ ತನಕ ಬಿಡಬೇಡಿ. ಭಾನುವಾರ ಏನು ಹೇಳಿದರು? ದಾರಿ ಬಿಡಿಸಿ, ಉಸಿರು ಬರದಿದ್ದರೆ ಕಪ್ಪು ಚೀಟಿ ಕಟ್ಟಿ ಎದ್ದು ಹೋಗಿ. ಒಬ್ಬನಿಗೆ ಒತ್ತುತ್ತಾ ಕೂತರೆ ಆ ಹೊತ್ತಿನಲ್ಲಿ ಪಕ್ಕದ ಮೂವರು ಸಾಯುತ್ತಾರೆ, ಲೆಕ್ಕ ಸರಿ. ತಲೆಗೆ ಅರ್ಥವಾಗುತ್ತದೆ. ಆದರೆ ಹದಿನೆಂಟು ಹತ್ತೊಂಬತ್ತು ವರ್ಷದವರ ಕೈಗೆ ಕಪ್ಪು ಚೀಟಿ ಕೊಟ್ಟು ಕಟ್ಟು ಅಂದರೆ ಅದು ನಾಟಕ ಅಂತ ಗೊತ್ತಿದ್ದರೂ ಕೈ ನಡುಗುತ್ತದೆ. ನಮ್ಮ ಗುಂಪಿನ ಒಬ್ಬಳು ಕಟ್ಟಲಿಲ್ಲ. ಚೀಟಿ ಜೇಬಿನಲ್ಲಿ ಇಟ್ಟುಕೊಂಡು ಗೊಂಬೆಗೆ ಒತ್ತಿದ ಹಾಗೆ ಉಸಿರಿಲ್ಲದ ಪಾತ್ರದ ಸೀನಿಯರ್‌ನ ಎದೆಯ ಮೇಲೆ ಕೈ ಇಟ್ಟು ಕೂತಳು. ಬೇರೆಯವರು ಬಂದು ಎಬ್ಬಿಸಬೇಕಾಯಿತು.

ಇದರ ಬಗ್ಗೆ ಕೂತು ಮಾತಾಡಲು ಕೊಟ್ಟ ಸಮಯ ಎಷ್ಟು? ಡ್ರಿಲ್ ಮುಗಿದ ಮೇಲೆ ಎಷ್ಟು ಚೀಟಿ ಸರಿ, ಎಷ್ಟು ತಪ್ಪು ಅಂತ ಮೈಕಿನಲ್ಲಿ ಓದಿದರು, ಗ್ರೂಪ್ ಫೋಟೋ ತೆಗೆದರು, ಆಯಿತು. ಅವಳು ಯಾಕೆ ಕಟ್ಟಲಿಲ್ಲ ಅಂತ ಯಾರೂ ಕೇಳಲಿಲ್ಲ. ಪ್ರೋಟೋಕಾಲ್ ತಪ್ಪಿದ ಪಟ್ಟಿಯಲ್ಲಿ ಅವಳ ಗುಂಪಿನ ನಂಬರ್ ಬಂತು, ಅಷ್ಟೇ. ನೆಪೋಲಿಯನ್‌ಗೆ ಕೊಟ್ಟ ಸಮಯದ ಕಾಲು ಭಾಗ ಇಲ್ಲಿಗೆ ಕೊಟ್ಟಿದ್ದರೂ ಸಾಕಾಗಿತ್ತು. ಇದು ಸಣ್ಣ ವಿಷಯ ಅಲ್ಲ. ಎಳೆಯ ವಿದ್ಯಾರ್ಥಿಗಳಿಗೆ ವಿಪತ್ತು ಕಲಿಸಲು ಹೊರಟವರು ಯಾರನ್ನು ಬಿಟ್ಟು ಹೋಗಬೇಕು ಅನ್ನುವುದನ್ನು ಕಲಿಸುತ್ತಾರೆ, ಬಿಟ್ಟು ಬಂದವರ ಜೊತೆ ಕೂತು ಚಹಾ ಕುಡಿಯುತ್ತಾ ನಾಲ್ಕು ಮಾತಾಡುವುದನ್ನೂ ಅದೇ ಟೈಮ್‌ಟೇಬಲ್ಲಿನಲ್ಲಿ ಹಾಕಬೇಕು.

ಅದಕ್ಕಿಂತ ಬೇಜಾರು ಏನೆಂದರೆ, ಮಾತಾಡಲು ಒಳ್ಳೆಯ ಎಳೆ ಅವರ ಕೈಯಲ್ಲೇ ಇತ್ತು. ಊಟದ ಸಾಲಿನಲ್ಲಿ ನಿಂತಿದ್ದಾಗ ಒಬ್ಬ ಪಿಜಿ ವಿದ್ಯಾರ್ಥಿ (ಎಂಬಿಬಿಎಸ್ ಮುಗಿಸಿ ಮುಂದೆ ಓದುತ್ತಿರುವ ಡಾಕ್ಟರ್) ಹೇಳಿದ್ದು: ಸಿಡಿಲು ಬಡಿದ ಕಡೆ ಈ ನಿಯಮ ಉಲ್ಟಾ. ಅಲ್ಲಿ ಉಸಿರಿಲ್ಲದೆ ಬಿದ್ದವರನ್ನೇ ಮೊದಲು ನೋಡಬೇಕು, ನರಳುತ್ತಿರುವವರು ಹೆಚ್ಚಾಗಿ ಬದುಕುತ್ತಾರೆ. ಸಿಡಿಲು ಹೃದಯವನ್ನು ಒಂದು ಕ್ಷಣ ನಿಲ್ಲಿಸಿದರೂ ಎಷ್ಟೋ ಸಲ ಅದು ತಾನಾಗಿ ಮತ್ತೆ ಬಡಿಯಲು ಶುರುವಾಗುತ್ತದೆ. ಉಸಿರಿನ ಕೇಂದ್ರ ಏಳಲು ಮಾತ್ರ ಜಾಸ್ತಿ ಹೊತ್ತು ಬೇಕು. ಆ ಹೊತ್ತಿನಲ್ಲಿ ನಾವು ಉಸಿರು ಕೊಡದಿದ್ದರೆ ಎದ್ದ ಹೃದಯ ಆಮ್ಲಜನಕ ಇಲ್ಲದೆ ಮತ್ತೆ ನಿಲ್ಲುತ್ತದೆ. ಮಕ್ಕಳಲ್ಲೂ ಬೇರೆ ನಿಯಮ, ಉಸಿರಿಲ್ಲ ಆದರೆ ನಾಡಿ ಇದೆ ಅಂದರೆ ಐದು ಸಲ ಉಸಿರು ಕೊಟ್ಟು ನೋಡಿ ಆಮೇಲೆ ಚೀಟಿ. ಅಂದರೆ ಕಪ್ಪು ಚೀಟಿ ಕಲ್ಲಿನ ಮೇಲೆ ಬರೆದದ್ದಲ್ಲ, ಕಾರಣ ಬದಲಾದರೆ ನಿಯಮವೂ ಬದಲಾಗುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಹೊಲದಲ್ಲಿ, ಮರದ ಕೆಳಗೆ ಸಿಡಿಲಿಗೆ ಸಿಕ್ಕುವವರ ಸುದ್ದಿ ನಮ್ಮ ಕಡೆ ಪ್ರತಿ ವರ್ಷ ಓದುತ್ತೇವೆ. ಇದು ಊಟದ ಸಾಲಿನಲ್ಲಿ ಅದೃಷ್ಟಕ್ಕೆ ಕಿವಿಗೆ ಬೀಳುವ ವಿಷಯವಾಗಬಾರದಿತ್ತು, ಅಲ್ವಾ?

ಇನ್ನು ಚಿಲ್ಲರೆ ತಕರಾರು. ಕ್ಲಾಸು ಪೂರ್ತಿ ಇಂಗ್ಲಿಷ್‌ನಲ್ಲಿ, ಅದು ಸರಿ, ಆದರೆ ಡ್ರಿಲ್‌ನಲ್ಲಿ ಗಾಯಾಳುಗಳು ಕನ್ನಡದಲ್ಲಿ ಚೀರುತ್ತಾರೆ. ಹೊರ ರಾಜ್ಯದ ಗೆಳೆಯರು ಪಾಪ, ಕೈ ಎತ್ತಿ ಅಂತ ಹೇಳಲೂ ಬರದೆ ಮೂವರನ್ನು ಸುಮ್ನೆ ಕೆಂಪಿಗೆ ಹಾಕಿದರು. ಹತ್ತು ವಾಕ್ಯ ಕನ್ನಡದಲ್ಲಿ ಬರೆದ ಒಂದು ಕಾರ್ಡ್ ಕೊಟ್ಟರೆ ಮುಗಿಯಿತು. ಹಾವಿನ ಕಡಿತಕ್ಕೆ ಕೊಟ್ಟದ್ದು ಇಪ್ಪತ್ತು ನಿಮಿಷ, ಅದೂ ಓಡೋಡಿ. ಕರ್ನಾಟಕ 2024ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ಗಾಜಿನ ಟ್ಯೂಬಿನಲ್ಲಿ ರಕ್ತ ಹಾಕಿ ಇಪ್ಪತ್ತು ನಿಮಿಷ ಅಲುಗಾಡಿಸದೆ ಇಟ್ಟು ಹೆಪ್ಪುಗಟ್ಟಿತಾ ನೋಡುವ ಪರೀಕ್ಷೆಯನ್ನು ನಮ್ಮ ಕೈಯಲ್ಲೇ ಮಾಡಿಸಬಹುದಿತ್ತು. ಮಾಡಿಸಲಿಲ್ಲ. ಸರ್ಟಿಫಿಕೇಟಿನಲ್ಲಿ ಹೆಸರಿನ ಸ್ಪೆಲಿಂಗ್ ತಪ್ಪಿದವರಿಗೆ ಇನ್ನೂ ಹೊಸದು ಬಂದಿಲ್ಲ. ಊಟ ಮಾತ್ರ ಚೆನ್ನಾಗಿತ್ತು, ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೇಳಿದಷ್ಟು ಬಡಿಸಿದರು.

ದೊಡ್ಡ ಕೊರತೆ ಇನ್ನೊಂದು, ಆಮೇಲೆ ಏನೂ ಇಲ್ಲದಿರುವುದು. ಎದೆ ಒತ್ತುವ ಕೈ ಕೆಲವು ತಿಂಗಳಲ್ಲಿ ಮರೆಯುತ್ತದೆ, ಇದನ್ನು ಅವರೇ ಸ್ಲೈಡಿನಲ್ಲಿ ಹಾಕಿದ್ದರು. ಹಾಗಾದರೆ ಆರು ತಿಂಗಳಿಗೊಮ್ಮೆ ಅರ್ಧ ದಿನ ಕರೆಯಿರಿ, ಬರುವುದಕ್ಕೆ ನಾವು ರೆಡಿ. ಕೇಳಿದೆವು. ನೋಡೋಣ ಅಂದರು.

ಯಾರು ಹೋಗಬೇಕು? ಮೊದಲ ವರ್ಷದಲ್ಲಿ ನರ ಸ್ನಾಯುವಿನ ಫಿಸಿಯಾಲಜಿ ಮತ್ತು ಎದೆಯ ಅನಾಟಮಿ ಮುಗಿಸಿದವರು ಹೋಗಿ, ಅದಕ್ಕಿಂತ ಮೊದಲು ಹೋದರೆ ಅರ್ಧ ತಲೆಯ ಮೇಲಿಂದ ಹೋಗುತ್ತದೆ. ಇಂಟರ್ನಲ್ಸ್ ಹತ್ತಿರ ಇದ್ದರೆ ಈ ಸಲ ಬಿಡಿ, ಬ್ಯಾಚುಗಳು ಮತ್ತೆ ಆಗುತ್ತವೆ. ಮನೆಯಲ್ಲಿ ಇತ್ತೀಚೆಗೆ ಯಾರನ್ನಾದರೂ ಕಳೆದುಕೊಂಡಿದ್ದರೆ ಡ್ರಿಲ್‌ಗೆ ಮೊದಲೇ ಸಂಘಟಕರಿಗೆ ಹೇಳಿ ಗಾಡಿ ಲೆಕ್ಕ ಬರೆಯುವ ಕೆಲಸ ಕೇಳಿ ಇಸಿದುಕೊಳ್ಳಿ, ಕೊಡುತ್ತಾರೆ. ಮತ್ತೆ ಗುಂಪು ಹಂಚುವಾಗ ಬ್ರದರ್ ಯಾವ ಗುಂಪಿಗೆ ಇದ್ದಾರೆ ಅಂತ ನೋಡಿ ಅಲ್ಲಿಗೆ ಹೋಗಿ ನಿಂತುಕೊಳ್ಳಿ.